ತುರ್ತು ಕಾಲುವೆಯ ನೀರು

ಕೇಳುಗರೇ, ನಮಸ್ಕಾರ.

ಹಂಪಿಗೆ ಹೋದವರೆಲ್ಲ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ, ನಾನೂ ತೆಗೆಸಿಕೊಂಡವನೇ. ಆದರೆ ಉಗ್ರನರಸಿಂಹನ ಹತ್ತಿರ ಒಂದು ಕಾಲುವೆ ಹರಿಯುತ್ತದೆ. ಪಕ್ಕದ ಬಡವಿಲಿಂಗದ ಬುಡ ಸದಾ ನೀರಲ್ಲಿ ನಿಂತಿರುವುದು ಅದರ ಕೃಪೆಯಿಂದಲೇ. ಜನ ಅದನ್ನು ತುರ್ತು ಕಾಲುವೆ ಅನ್ನುತ್ತಾರೆ. ಹೆಸರಿಗಷ್ಟೇ ತುರ್ತು! ವಿಜಯನಗರದ ಅರಸರ ಕಾಲದಿಂದ ತನ್ನ ಪಾಡಿಗೆ ತಾನು ಹರಿದುಕೊಂಡೇ ಇದೆ. ತುಂಗಭದ್ರೆಗೆ ಅಡ್ಡಲಾಗಿ ಬಂಡೆ ಜೋಡಿಸಿ ಅಣೆ ಕಟ್ಟಿದರು, ನೀರನ್ನು ಗುಡ್ಡಗಳ ನಡುವಿನ ತಗ್ಗಿಗೆ ತಿರುಗಿಸಿದರು. 1565ರಲ್ಲಿ ಪಟ್ಟಣ ಹಾಳುಬಿತ್ತು. ಬಾಳೆತೋಟ, ಭತ್ತದ ಗದ್ದೆ ಇವತ್ತಿಗೂ ಹಸಿರಾಗಿವೆ. ನನ್ನನ್ನು ಕೇಳಿದರೆ ಹಂಪಿಯ ದೊಡ್ಡ ಸ್ಮಾರಕ ಈ ಕಾಲುವೆಯೇ.

ನೀರು ಬರುವುದು ದೂರದಿಂದ. ಗಂಗಾಮೂಲದ ಶೋಲಾ ಕಾಡಿನಲ್ಲಿ ಹುಟ್ಟುವ ತುಂಗೆ ಶೃಂಗೇರಿಯ ಮೀನುಗಳನ್ನು ಮಾತಾಡಿಸಿಕೊಂಡು ಬಂದು, ಶಿವಮೊಗ್ಗ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಮುಂದೆ ಹರಿಹರ. ಅಲ್ಲಿ ಒಂದೇ ವಿಗ್ರಹದಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಗುಡಿ ಹೊಯ್ಸಳರ ಕಾಲದ್ದು.

ಹಂಪಿಯ ಎದುರು ದಡದ ಆನೆಗೊಂದಿಯ ಕಡವಿನಲ್ಲಿ ಹರಿಗೋಲು ಹತ್ತಿ ನೋಡಬೇಕು. ಬಿದಿರಿನ ದೊಡ್ಡ ಬುಟ್ಟಿ, ಅಷ್ಟೇ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ: ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕೆಂದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ದೋಣಿ ಗಿರಗಿರ ತಿರುಗುತ್ತಲೇ ಇರುತ್ತದೆ. ಈಗಲೂ ಹಾಗೇ. ಹೊಸಬರು ಅಂಚು ಬಿಗಿಹಿಡಿದು ಕಣ್ಣು ಮುಚ್ಚುತ್ತಾರೆ. ಅಂಬಿಗ ಒಂದೇ ಹುಟ್ಟಿನಲ್ಲಿ ದಡ ಮುಟ್ಟಿಸುತ್ತಾನೆ.

ಹೊಸಪೇಟೆಯ ಅಣೆಕಟ್ಟೆ ಎದ್ದದ್ದು 1953ರಲ್ಲಿ. ಮೂವತ್ಮೂರು ಗೇಟು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಕೆರೆಯ ಕೋಡಿ ಒಡೆದಂತೆ ನೀರು ಹೊಳೆಗೆ ನುಗ್ಗಿತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರಿಗೆ ನಿದ್ದೆ ಹೇಗೆ ಬಂದೀತು? ಎಲ್ಲರ ಬೆಳೆಯೂ ಆ ನೀರನ್ನೇ ನಂಬಿತ್ತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ, ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು.

ತುರ್ತು ಕಾಲುವೆಗೂ ಈಗ ಆ ಕಟ್ಟೆಯಿಂದ ಬಿಟ್ಟ ನೀರೇ ಬರಬೇಕು.

ನಮಸ್ಕಾರ.