ತುಳುವಿನ ದಾರಿಯಲ್ಲಿ ಸ್ಪ್ಯಾನಿಷ್

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಒಂದು ಪ್ರೌಢಶಾಲೆಯಲ್ಲಿ 8 ಮತ್ತು 9ನೇ ತರಗತಿಯ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುತ್ತೇನೆ. “ಅದು ಇಲ್ಲಿ ಯಾರಿಗೆ ಬೇಕು ಟೀಚರ್?” ಎಂದು ಕೇಳುವವರಿದ್ದಾರೆ. ಸ್ಪೇನ್, ಮೆಕ್ಸಿಕೊ, ಪೆರು, ಅರ್ಜೆಂಟೀನಾ ಎಂದು ಸುಮಾರು 20 ದೇಶಗಳ ಆಡಳಿತ ಭಾಷೆ ಅದು. ಪ್ರಯೋಜನದ ಮಾತು ಅಷ್ಟು ಸಾಕು.

ನಮ್ಮ ಮನೆಮಾತು ತುಳು. ಪಕ್ಕದ ಮನೆಯ ಬಾಯಮ್ಮನ ಅಡುಗೆಕೋಣೆಯಲ್ಲಿ ಕೊಂಕಣಿ ಕಿವಿಗೆ ಬಿತ್ತು, ಶಾಲೆಯಲ್ಲಿ ಕನ್ನಡ ಸಿಕ್ಕಿತು. ಸ್ಪ್ಯಾನಿಷನ್ನು ಮಾತ್ರ ಹೈದರಾಬಾದಿನಲ್ಲಿದ್ದಾಗ ಇಂಗ್ಲಿಷಿನ ಮೂಲಕ ಕಲಿತೆ. ಊರಿಗೆ ಬಂದು ಹಾಗೆಯೇ ಕಲಿಸತೊಡಗಿದೆ. ನನ್ನ ಮೊದಲ ವರ್ಷದ ಮಕ್ಕಳು ಕಷ್ಟಪಟ್ಟದ್ದು ಅದರಿಂದಲೇ.

‘ಐ ಲೈಕ್’ ಎನ್ನುವುದನ್ನು ಸ್ಪ್ಯಾನಿಷಿನಲ್ಲಿ ಹೇಳಿ ಎಂದರೆ ತರಗತಿಗೆ ತರಗತಿಯೇ ‘ಐ’ ಇದ್ದಲ್ಲಿ ‘ಯೊ’, ಅಂದರೆ ‘ನಾನು’, ಹಾಕಿ ‘ಯೊ ಗುಸ್ತೊ’ ಎನ್ನುತ್ತಿತ್ತು. ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮಲ್ಪೆಯ ಒಬ್ಬ ಹುಡುಗ, ತಂದೆ ಬೋಟಿಗೆ ಹೋಗುವವರು. ಜೂನ್‌ನಿಂದ ದಸರಾ ರಜೆಯವರೆಗೆ ಅವನು ಒಂದು ವಾಕ್ಯವನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ದಿನ ಬೆಲ್ ಆದ ಮೇಲೆ ಅವನ ಪಕ್ಕ ಕೂತು ತುಳುವಿನಲ್ಲಿ ಕೇಳಿದೆ, “ನಿಕ್ಕ್ ಒವು ಮೀನ್ ಇಷ್ಟ?” ತಲೆ ಎತ್ತಿದ. “ಎಂಕ್ ಬೂತಾಯಿ ಇಷ್ಟ ಟೀಚರ್.”

‘ಎಂಕ್’ ಎಂದರೆ ‘ನನಗೆ’. ಸ್ಪ್ಯಾನಿಷಿನ ‘ಮೆ’ ಕೂಡ ‘ನನಗೆ’! ‘ಮೆ ಗುಸ್ತಾನ್ ಲಾಸ್ ಸರ್ದೀನಾಸ್’: ನನಗೆ ಬೂತಾಯಿಗಳು ಹಿಡಿಸುತ್ತವೆ. ಆ ವಾಕ್ಯದ ಕರ್ತೃ ನಾನಲ್ಲ, ಬೂತಾಯಿ. ಮೀನು ಒಂದಾದರೆ ‘ಗುಸ್ತಾ’, ಹಲವಾದರೆ ‘ಗುಸ್ತಾನ್’. ಇಂಗ್ಲಿಷಿನಿಂದ ಬಂದವರಿಗೆ ತಲೆಕೆಳಗಾಗಿ ಕಾಣುವ ಈ ವಾಕ್ಯ ನಮ್ಮ ಮಕ್ಕಳ ಬಾಯಲ್ಲಿ ಹುಟ್ಟಿನಿಂದಲೇ ಇದೆ. ಎರಡನ್ನೂ ಬೋರ್ಡಿನಲ್ಲಿ ಒಂದರ ಕೆಳಗೊಂದು ಬರೆದೆ. ಅವನು ಎದ್ದು ಹೋಗಿ ‘ಎಂಕ್’ ಮತ್ತು ‘ಮೆ’ ನಡುವೆ ಚಾಕ್‌ಪೀಸಿನಿಂದ ತಾನೇ ಒಂದು ಗೆರೆ ಎಳೆದ.

ಅಂದಿನಿಂದ ನನ್ನ ಪಾಠದ ಕ್ರಮ ಬದಲಾಯಿತು. ಸ್ಪ್ಯಾನಿಷಿನಲ್ಲಿ ಸಲಿಗೆಯ ‘ನೀನು’ ‘ತೂ’, ಗೌರವದ ‘ನೀವು’ ‘ಉಸ್ತೇದ್’. ಆ ವ್ಯತ್ಯಾಸಕ್ಕೆ ತುಳುವಿನ ‘ಈ’, ‘ಈರ್’ ಸಾಕು, ಬೇರೆ ವಿವರಣೆಯೇ ಬೇಡ. ‘ತೂ’ ಎನ್ನುವಲ್ಲಿ ‘ಟೂ’ ಎಂದುಬಿಡುವ ಮಕ್ಕಳಿಗೆ “ತೆಂಗಿನಕಾಯಿ ಎನ್ನಿ ನೋಡುವಾ” ಎನ್ನುತ್ತೇನೆ. ನಾಲಗೆ ಹಲ್ಲಿಗೆ ತಾಗುತ್ತದೆ. ಸ್ಪ್ಯಾನಿಷಿಗೆ ಬೇಕಾದದ್ದು ಅದೇ ‘ತ’. ಲಿಂಗದ ವಿಷಯದಲ್ಲಿ ಮಾತ್ರ ತುಳು, ಕನ್ನಡ ಎರಡೂ ಕೈಕೊಡುತ್ತವೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂದರೆ ಮಕ್ಕಳು ಕಣ್ಣುಕಣ್ಣು ಬಿಡುತ್ತಾರೆ. ಆಗ ಕೊಂಕಣಿಯ ಮಕ್ಕಳು ನೆರವಿಗೆ ಬರುತ್ತಾರೆ. ಅವರ ಭಾಷೆಯಲ್ಲಿ ವಸ್ತುಗಳಿಗೂ ಲಿಂಗ ಉಂಟು, ಎರಡಲ್ಲ, ಮೂರು! ಜೋಡಿ ಮಾಡಿ ಕೂರಿಸುವಾಗ ಇದನ್ನು ನೆನಪಿಟ್ಟುಕೊಳ್ಳುತ್ತೇನೆ.

ಕೆಲವು ತಂದೆತಾಯಿಗಳು ನನ್ನಲ್ಲಿ ಹೇಳುವುದುಂಟು: “ಶಾಲೆಯಲ್ಲಿ ತುಳು ಮಾತಾಡಿಸಬೇಡಿ ಟೀಚರ್, ಮನೆಯಲ್ಲಿಯೂ ನಾವು ಬಿಡಿಸಿದ್ದೇವೆ.” ಕೇಳಿದಾಗ ಸಂಕಟವಾಗುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ ಮ್ಯಾನರ್ ಕಡಲು ದಾಟಿ ಬಂದು, ನಮ್ಮವರ ಬಾಯಿಂದ ತುಳು ಕಲಿತು, 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲೇ ಅಚ್ಚು ಹಾಕಿಸಿದರು. ಅವರಿಗೆ ಬೇಕಾದ ಮಾತು ನಮ್ಮ ಮಕ್ಕಳಿಗೆ ಬೇಡವಾಯಿತೇ? ದಯವಿಟ್ಟು ಬಿಡಿಸಬೇಡಿ. ನನ್ನ ಪಾಠಕ್ಕೆ ಅದು ಬೇಕು.

ಮಲ್ಪೆಯ ಆ ಹುಡುಗ ಈಗ 10ನೇ ತರಗತಿ. ಮೊನ್ನೆ ಒಂದು ಪಟ್ಟಿ ತಂದು ತೋರಿಸಿದ. ಬಂದರಿಗೆ ಬರುವ ಮೀನುಗಳ ತುಳು ಹೆಸರು ಒಂದು ಬದಿ, ಸ್ಪ್ಯಾನಿಷ್ ಹೆಸರು ಇನ್ನೊಂದು ಬದಿ. ಬೂತಾಯಿ, ಸರ್ದೀನಾ. ಬಂಗುಡೆ, ಕಬಾಯಾ. ಎಟ್ಟಿ, ಕಮರೋನ್. ಕಾಣೆ ಮೀನಿನ ಎದುರು ಮಾತ್ರ ಜಾಗ ಖಾಲಿ ಬಿಟ್ಟಿದ್ದಾನೆ. ಅದನ್ನು ಇಬ್ಬರೂ ಹುಡುಕುತ್ತಿದ್ದೇವೆ.

ನಮಸ್ಕಾರ.