ಪ್ರೀತಿ ಅಲ್ಲ ಸ್ವಾಮಿ, ಲೆಕ್ಕ!

ನಮಸ್ಕಾರ, ಹೆಂಗಿದ್ದೀರಾ ಎಲ್ರೂ? ಅಂತರಗಂಗೆ ಬೆಟ್ಟ ಕಾಣೋ ಅದೇ ಮಹಡಿ ರೂಮಿಂದ ಮಾತಾಡ್ತಿದ್ದೀನಿ. ಮಧ್ಯೆ ಟೊಮ್ಯಾಟೊ ಗಾಡಿಗಳ ಹಾರನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ನಮ್ಮ ಕೋಲಾರದ ಸ್ಟುಡಿಯೋದಲ್ಲಿ ಸೌಂಡ್‌ಪ್ರೂಫ್ ಅಂದ್ರೆ ಕಿಟಕಿಗೆ ಗೋಣಿಚೀಲ.

ಹೋದ ವಾರದ ವಿಡಿಯೋಗೆ ಒಬ್ಬ ಮಹಾಶಯ ಕಾಮೆಂಟ್ ಹಾಕಿದ್ದಾನೆ. "ಅಣ್ಣಾ, ನಮ್ಮ ಮ್ಯಾನೇಜರ್ ರಾಜೀನಾಮೆ ಕೊಟ್ರೆ ಓನರ್ ತಗೊಳ್ಳಲೇ ಇಲ್ಲ, ಅಷ್ಟು ಪ್ರೀತಿ. ನಿಮಗೆ ಅಂಥವರು ಸಿಕ್ಕಿಲ್ಲ, ಅದಕ್ಕೇ ಉರಿ." ಉರಿಯಂತೆ!

ಪ್ರೀತಿ ಅಲ್ಲ ಸ್ವಾಮಿ, ಲೆಕ್ಕ.

ನಂಗೂ ಸಿಕ್ಕಿದ್ರು. ವೇಮಗಲ್ ಕಡೆ ಒಂದು ಫ್ಯಾಕ್ಟರಿ. ಹೆಸರು ಹೇಳಲ್ಲ, ಕೇಸ್ ಹಾಕೋಷ್ಟು ದುಡ್ಡಿದೆ ಅವರ ಹತ್ರ. ನಾನು ಪ್ರೊಡಕ್ಷನ್ ಇನ್‌ಚಾರ್ಜ್, ಕೈಕೆಳಗೆ 60 ಜನ. ರಾಜೀನಾಮೆ ಇಟ್ಟೆ. ಯಜಮಾನ್ರು ಓದಲೂ ಇಲ್ಲ. "ಏನಪ್ಪಾ, ನೀನು ಮನೆ ಮಗ ಇದ್ದಂಗೆ" ಅಂದ್ರು, ಟೀ ತರಿಸಿದ್ರು, ಕಾಗದ ಡ್ರಾಯರ್‌ಗೆ ಹಾಕಿದ್ರು. ನನ್ನ ಕಣ್ಣಲ್ಲಿ ನೀರು! ಮನೇಗೆ ಬಂದು ಹೆಂಡ್ತಿ ಹತ್ರ, "ನೋಡೇ, ನಾನಿಲ್ದಿದ್ರೆ ನಡೆಯಲ್ಲವಂತೆ" ಅಂದೆ. ಅವಳು ಕೇಳಿದ್ದು ಒಂದೇ: "ಸಂಬಳ ಜಾಸ್ತಿ ಮಾಡಿದ್ರಾ?"

ಇಲ್ಲ. ದೊಡ್ಡ ಆರ್ಡರ್ ಅರ್ಧಕ್ಕೆ ನಿಂತಿತ್ತು. ಆಡಿಟ್ ಬರೋದಿತ್ತು. ನೈಟ್ ಶಿಫ್ಟ್ ಹುಡುಗ್ರು ನಾನು ಫೋನ್ ಮಾಡಿದ್ರೆ ಮಾತ್ರ ಬರ್ತಿದ್ರು, ನಾನು ಎದ್ರೆ ಹತ್ತು ಜನ ನನ್ನ ಹಿಂದೇನೇ ಏಳ್ತಿದ್ರು. ನನ್ನ ಜಾಗಕ್ಕೆ ಇನ್ನೊಬ್ಬನ್ನ ತಯಾರೂ ಮಾಡಿರಲಿಲ್ಲ. ನಾಲ್ಕು ತಿಂಗಳಾಯ್ತು. ಆರ್ಡರ್ ಮುಗೀತು, ಆಡಿಟ್ ಮುಗೀತು. ಒಂದಿನ ಕರೆದು ಡ್ರಾಯರ್ ತೆಗೆದ್ರು. ಅದೇ ಕಾಗದ, ಟೀ ಲೋಟದ ಕಲೆ ಸಮೇತ! "ನಿನ್ನಿಷ್ಟದಂತೇ ಆಗ್ಲಿ" ಅಂದ್ರು.

ಹರಿದು ಹಾಕಿರಲಿಲ್ಲ ಕಣ್ರೀ, ಎತ್ತಿಟ್ಟಿದ್ರು! ಪ್ರೀತಿ ಅಲ್ಲ, ಲೆಕ್ಕ!

ಇಲ್ಲೊಂದು ಸಣ್ಣ ವಿಷಯ. ನೋಡ್ತಿರೋರಲ್ಲಿ ಅರ್ಧಕ್ಕರ್ಧ ಜನ ಸಬ್‌ಸ್ಕ್ರೈಬ್ ಮಾಡಿಲ್ಲ. ಪುಕ್ಸಟ್ಟೆ ಕೇಳೋರೇ ಎಲ್ಲಾ. ಬೆಲ್ ಒತ್ತಿ. ನಮ್ಮ ಭಾವನ ಗಾಣದ ಕಡಲೆಕಾಯಿ ಎಣ್ಣೆ ನಂಬರೂ ಕೆಳಗಿದೆ.

"ರೈಲ್ವೆ ಮಂತ್ರಿ ಆಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರ ರಾಜೀನಾಮೆ ನೆಹರೂ ಒಪ್ಪಲಿಲ್ಲವಲ್ಲ?" ಅಂತ ಇನ್ನೊಬ್ಬರು. ಪೂರ್ತಿ ಹೇಳಿ ಸ್ವಾಮಿ! 1956ರಲ್ಲಿ ಮೆಹಬೂಬ್‌ನಗರದ ರೈಲು ಅಪಘಾತ ಆದಾಗ ಒಪ್ಪಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅರಿಯಲೂರು ಅಪಘಾತ ಆದಾಗ ಒಪ್ಪಿದ್ರು. ಎರಡೇ ತಿಂಗಳ ಚಿಲ್ಲರೆಯಲ್ಲಿ ಪ್ರೀತಿ ಖಾಲಿ ಆಯ್ತಾ? ಮೊದಲ ಸಲ ಸರ್ಕಾರಕ್ಕೆ ಅವರು ಬೇಕಿತ್ತು, ಎರಡನೇ ಸಲ ರಾಜೀನಾಮೆ ಬೇಕಿತ್ತು.

ಮರ್ಯಾದೆ ಇರೋ ಯಜಮಾನ ಹೆಂಗಿರ್ತಾನೆ ಅಂತ ನೋಡ್ಬೇಕಾದ್ರೆ ಮುದ್ದೇನಹಳ್ಳಿಯವರ ಕಥೆ ಕೇಳಿ. ಸರ್ ಎಂ. ವಿ. ಮೈಸೂರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ, ಮೀಸಲಾತಿ ವಿಷಯಕ್ಕೆ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು. ನಾಲ್ವಡಿಯವರು ಹಿಡ್ಕೊಂಡು ಕೂರಲಿಲ್ಲ, ಕಾಂತರಾಜ ಅರಸು ದಿವಾನರಾದ್ರು. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ದಿಕ್ಕು ಬೇಕಾದಾಗ ಮತ್ತೆ ಇದೇ ವಿಶ್ವೇಶ್ವರಯ್ಯನವರು ಬಂದು ಅದರ ಮಂಡಳಿ ಅಧ್ಯಕ್ಷರಾದ್ರು. ಹೋಗೋಕೆ ಬಿಟ್ಟಿದ್ದಕ್ಕೇ ತಾನೇ ವಾಪಸ್ ಬಂದಿದ್ದು?

ನಮ್ಮ ಕಡೆ ಇನ್ನೊಂದು ಥರಾನೂ ನಡೆದಿದೆ. 2019ರ ಜುಲೈ. ಶಾಸಕರು ಸಾಲಾಗಿ ರಾಜೀನಾಮೆ ಕೊಟ್ರು, ಅದರಲ್ಲಿ ನಮ್ಮ ಚಿಕ್ಕಬಳ್ಳಾಪುರದ ಸುಧಾಕರ್. ಕಾಗದ ಕೈಲಿ ಹಿಡ್ಕೊಂಡ ಸ್ಪೀಕರ್, ನಮ್ಮ ಶ್ರೀನಿವಾಸಪುರದ ರಮೇಶ್ ಕುಮಾರ್. 2007ರವರೆಗೆ ಎರಡೂ ಒಂದೇ ಜಿಲ್ಲೆ! ಸ್ವಂತ ಇಷ್ಟದಿಂದ ಕೊಟ್ಟಿದ್ದಾ, ಅಸಲಿಯಾ ಅಂತ ಸ್ಪೀಕರ್ ನೋಡ್ಬೇಕು ಅಂತ ಸಂವಿಧಾನದ 190ನೇ ವಿಧಿಯಲ್ಲೇ ಇದೆ. ಕೊನೆಗೆ ರಾಜೀನಾಮೆ ಒಪ್ಪಲಿಲ್ಲ, ಅನರ್ಹ ಮಾಡಿದ್ರು. ಸರಿನೋ ತಪ್ಪೋ, ನಾನು ಆ ಕಡೆ ಹೋಗಲ್ಲ, ನಮ್ಮ ಊರಲ್ಲಿ ಓಡಾಡ್ಬೇಕು ನಾನು. ಆದ್ರೆ ಪ್ರೀತಿಗೆ ಹಿಡ್ಕೊಂಡ್ರು ಅಂತ ಒಬ್ಬರಾದ್ರೂ ಅಂದ್ರಾ?

"ಎನ್‌ಕ್ವೈರಿ ನಡೀತಿದ್ರೆ ಒಪ್ಪಬಾರದು ಅಂತ ಕಾನೂನೇ ಇದೆ" ಅಂತೀರಾ? ಇದೆ ಮಾರಾಯ್ರೆ. ಏರ್ ಇಂಡಿಯಾ ನೌಕರರೊಬ್ಬರ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ರಾಜೀನಾಮೆ ಕೊಡೋದು ನೌಕರನ ಹಕ್ಕು. ಸೇವಾ ನಿಯಮ ಅಡ್ಡ ಬಂದ್ರೆ, ಇಲ್ಲಾ ಶಿಸ್ತು ಕ್ರಮದಿಂದ ತಪ್ಪಿಸ್ಕೊಳ್ಳೋಕೆ ಕೊಟ್ಟಿದ್ರೆ ಅದು ಬೇರೆ. ಅದೂ ಲೆಕ್ಕಾನೇ! ಲೆಕ್ಕ ಒಪ್ಪಿಸಿ ಹೋಗು ಅನ್ನೋದು ನ್ಯಾಯ. ಮನೆ ಮಗ ಅಂದು ಕೂರಿಸಿಕೊಳ್ಳೋದು ಏನು? ಜೀತ 1976ರಲ್ಲೇ ನಿಷೇಧ ಆಗಿದೆ, ಯಾರಾದ್ರೂ ಹೇಳ್ರಪ್ಪ ಇವರಿಗೆ!

ಪ್ರೀತಿಯಂತೆ, ಪ್ರೀತಿ! ಪ್ರೀತಿ ಇದ್ರೆ ಪಿಎಫ್ ಸರಿಯಾಗಿ ಕಟ್ರೀ! ಭಾನುವಾರ ಫೋನ್ ಮಾಡ್ಬೇಡ್ರೀ! ನನ್ನ ಅಷ್ಟು ಪ್ರೀತಿ ಮಾಡಿದ ಯಜಮಾನ್ರು ನನ್ನ ಮಗಳ ನಾಮಕರಣಕ್ಕೂ ಬರಲಿಲ್ಲ, ಡ್ರೈವರ್ ಕೈಲಿ ಸ್ವೀಟ್ ಬಾಕ್ಸ್ ಕಳಿಸಿದ್ರು, ಅದೂ ಸೋನ್‌ಪಾಪಡಿ! ಇನ್ನೇನೋ ಪಾಯಿಂಟ್ ಬರ್ಕೊಂಡಿದ್ದೆ, ಚೀಟಿ ಎಲ್ಲಿ ಹೋಯ್ತೋ... ಬಿಡಿ, ಲೆಕ್ಕ! ಬರೀ ಲೆಕ್ಕ!

ಕಾಮೆಂಟ್ ಹಾಕಿದ ಮಹಾಶಯ, ಒಂದು ಕೆಲಸ ಮಾಡು. ನಿಮ್ಮ ಓನರ್ ಆ ಕಾಗದ ಹರಿದ್ರಾ, ಎತ್ತಿಟ್ರಾ ಅಂತ ನಿಮ್ಮ ಮ್ಯಾನೇಜರ್‌ನ ಕೇಳಿ ಬರಿ. ಓಹೋ, ಕರೆಂಟ್ ಹೋಯ್ತು, ಯುಪಿಎಸ್ ಕೂಗ್ತಿದೆ. ಎಣ್ಣೆ ನಂಬರ್ ಕೆಳಗಿದೆ, ಐದು ಲೀಟರ್ ತಗೊಂಡ್ರೆ ಮನೇಗೇ ತಂದು ಕೊಡ್ತಾರೆ...