ಗಟ್ಟಿಗಿತ್ತಿಯ ಕೈಯಲ್ಲಿ ದುಡ್ಡೆಷ್ಟಿತ್ತು?

(ಮೈಸೂರಿನ ಕಥಾ ಕಮ್ಮಟವೊಂದರ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಹೊಸಬರ ಹಸ್ತಪ್ರತಿಗಳಲ್ಲಿ ಹೆಣ್ಣು ಪಾತ್ರ ಕೆಡುವ ಬಗೆ ಮುಖ್ಯವಾಗಿ ಎರಡು. ಒಂದು ಹಳೆಯದು, ನಿಮಗೆಲ್ಲ ಗೊತ್ತಿರುವುದೇ: ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅಡುಗೆಮನೆ ಬಾಗಿಲಲ್ಲಿ ನಿಂತ ಅಮ್ಮ. ಅದರ ಬಗ್ಗೆ ಬೇಕಾದಷ್ಟು ಮಾತಾಗಿದೆ, ಬಿಡೋಣ. ಇನ್ನೊಂದು ಈಚಿನದು. ಬರೆದವರು ತಾವು ಸ್ತ್ರೀವಾದಿ ಕಥೆಯನ್ನೇ ಬರೆದಿದ್ದೇವೆ ಎಂದುಕೊಂಡಿರುತ್ತಾರೆ. ಮೂರನೇ ಪುಟದಲ್ಲಿ ಗಂಡನ ಕೆನ್ನೆಗೆ ಬಾರಿಸಿ, ನಾಲ್ಕನೇ ಪುಟದಲ್ಲಿ ಸೂಟ್‌ಕೇಸ್ ಹಿಡಿದು ಹೊರಟೇಬಿಡುವ ಗಟ್ಟಿಗಿತ್ತಿ ಇವಳು. ಆ ರಾತ್ರಿ ಎಲ್ಲಿ ಮಲಗಿದಳು, ಕೈಯಲ್ಲಿ ದುಡ್ಡೆಷ್ಟಿತ್ತು, ಮಗುವಿನ ಟಿ.ಸಿ. ತರಲು ಯಾರು ಹೋದರು ಎಂದರೆ ಕಥೆಗೂ ಗೊತ್ತಿಲ್ಲ, ಕಥೆಗಾರರಿಗೂ ಗೊತ್ತಿಲ್ಲ.

ಸ್ತ್ರೀವಾದಿ ದೃಷ್ಟಿಯ ಬಗ್ಗೆ ತತ್ತ್ವದ ಮಾತು ಬಹಳ ಇದೆ. ಬರೆಯುವ ಮೇಜಿನ ಮೇಲೆ ಕೆಲಸಕ್ಕೆ ಬರುವುದು ಒಂದೇ ಪ್ರಶ್ನೆ: ಈ ಹೆಂಗಸಿನ ಒಂದೊಂದು ತೀರ್ಮಾನಕ್ಕೂ ಬೆಲೆ ಎಷ್ಟು, ಅದನ್ನು ತೆರುವವರು ಯಾರು?

ಸಮಯದಿಂದ ಶುರುಮಾಡಿ. ಒಂದು ಹಾಳೆ ತೆಗೆದುಕೊಂಡು ಅರ್ಧರ್ಧ ಗಂಟೆಯಂತೆ 48 ಮನೆ ಗೆರೆ ಹಾಕಿ. ನಿಮ್ಮ ಪಾತ್ರ ಮದ್ದೂರಿನ ಕಡೆಯ ಹಳ್ಳಿಯಿಂದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಅಂತಿಟ್ಟುಕೊಳ್ಳಿ. ಬೆಳಗಿನ ಐದಕ್ಕೆ ಹಾಲು ಕರೆದು ಡೈರಿಗೆ ಹಾಕಬೇಕು. ಮುದ್ದೆ ತೊಳಸಬೇಕು, ಸಾರು ಆಗಬೇಕು, ಮಗುವಿನ ಡಬ್ಬಿ, ಅತ್ತೆಯ ಶುಗರ್ ಮಾತ್ರೆ. ಏಳೂವರೆಗೆ ವ್ಯಾನು. ಆಮೇಲೆ ಲೈನಿನಲ್ಲಿ ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ಟು. ಸಂಜೆ ಮತ್ತದೇ ಒಲೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 97 ನಿಮಿಷ. ನಿಮ್ಮ ಹಾಳೆಯಲ್ಲಿ ಆ ಐದು ಗಂಟೆ ಕಾಣದಿದ್ದರೆ ಎಲ್ಲೋ ಮರೆತಿದ್ದೀರಿ ಅಂತಲೇ ಲೆಕ್ಕ.

ಈಗ ನಿಮ್ಮ ಕಥೆಯಲ್ಲಿ ಆಕೆ ಸಂಜೆ ಹೊತ್ತು ಕೆರೆ ಏರಿಯ ಮೇಲೆ ಕೂತು ಒಂದು ಗಂಟೆ ಬದುಕಿನ ಬಗ್ಗೆ ಯೋಚಿಸುತ್ತಾಳೆ. 48ರಲ್ಲಿ ಯಾವ ಮನೆ ಅದು? ಖಾಲಿ ಮನೆಯೇ ಇಲ್ಲ. ಹಾಗಂತ ಆಕೆ ಯೋಚಿಸುವುದಿಲ್ಲ ಎಂದಲ್ಲ. ವ್ಯಾನಿನ ಸೀಟಿನಲ್ಲಿ, ಅವರೆಕಾಳು ಹಿಸುಕುತ್ತಾ, ಮೋಟಾರಿನ ಕರೆಂಟು ಯಾವಾಗ ಬರುತ್ತದೋ ಎಂದು ಕಾಯುತ್ತಾ ಯೋಚಿಸುತ್ತಾಳೆ. ನಡುನಡುವೆ ಯಾರೋ ಕರೆಯುತ್ತಾರೆ, ಯೋಚನೆ ಅಲ್ಲಿಗೇ ತುಂಡಾಗುತ್ತದೆ, ಬೇರೆ ಕಡೆಯಿಂದ ಮತ್ತೆ ಶುರುವಾಗುತ್ತದೆ. ವಾಕ್ಯಗಳೂ ಹಾಗೇ ತುಂಡಾಗಲಿ. ಎರಡು ಪುಟದ ನಿರಾತಂಕ ಆತ್ಮಾವಲೋಕನ ಸಾಮಾನ್ಯವಾಗಿ ಬರೆದವರ ಬಿಡುವನ್ನು ತೋರಿಸುತ್ತದೆ, ಪಾತ್ರದ ಮನಸ್ಸನ್ನಲ್ಲ.

ದುಡ್ಡಿನದು ಇದಕ್ಕಿಂತ ಸೂಕ್ಷ್ಮ. ಕಥೆ ಯಾವ ವರ್ಷದ್ದು ಎಂಬುದರ ಮೇಲೆ ಆಕೆಯ ಓಡಾಟ ನಿಂತಿದೆ. 2023ರ ಜೂನ್ 11ಕ್ಕೆ ಮುಂಚೆ, ಕೈಯಲ್ಲಿ ಕಾಸಿಲ್ಲದ ಹೆಂಗಸು ಮಂಡ್ಯದಿಂದ ಮೈಸೂರಿಗೆ ಬರಲು ಬಸ್ ಚಾರ್ಜಿಗೆ ಕೈಚಾಚಬೇಕಿತ್ತು. ಕೈಚಾಚಿದರೆ ಎಲ್ಲಿಗೆ, ಯಾಕೆ ಎಂದು ಹೇಳಬೇಕಿತ್ತು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಕೆಂಪು ಬಸ್ಸು ಹತ್ತಿ, ಯಾರಿಗೂ ಹೇಳದೆ ಹೋಗಿಬರಬಹುದು. ಕಥೆಗಾರರಿಗೆ ಇದು ಸಣ್ಣ ವರವಲ್ಲ. ಗೃಹಲಕ್ಷ್ಮಿಯೂ ಹಾಗೇ. 2023ರ ಆಗಸ್ಟ್ 30ರಂದು ಇದೇ ಮೈಸೂರಿನಲ್ಲಿ ಶುರುವಾದ ಆ ಯೋಜನೆಯ ತಿಂಗಳ 2,000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರ ಖಾತೆಗೆ. ಒಂದೇ ಕಾರ್ಡಿನಲ್ಲಿ ಅತ್ತೆ, ಸೊಸೆ ಇಬ್ಬರೂ ಇದ್ದರೆ ಯಜಮಾನಿ ಯಾರು? ಆ ಒಂದು ಸಾಲಿನಲ್ಲೇ ಕಥೆ ಇದೆ; ಅತ್ತೆ ಸೊಸೆಯ ಜಡೆ ಹಿಡಿದು ಎಳೆಯುವ ದೃಶ್ಯ ಬೇಕಿಲ್ಲ. ಸಂಘದ ಸಾಲವನ್ನೂ ಮರೆಯಬೇಡಿ. ಸಾಲ ಇರುವುದು ಹೆಂಗಸಿನ ಹೆಸರಲ್ಲಿ, ಬೈಕು ಬಂದದ್ದು ಗಂಡನಿಗೆ, ವಾರದ ಕಂತಿನ ದಿನ ಬಾಗಿಲಿಗೆ ಬರುವವರಿಗೆ ಉತ್ತರ ಹೇಳುವವಳು ಆಕೆ.

ಇವೆಲ್ಲಕ್ಕಿಂತ ನಮ್ಮ ಕಡೆಯ ಕಥೆಗಳು ಹೆಚ್ಚು ಎಡವುವುದು ಆಸ್ತಿಯ ವಿಷಯದಲ್ಲಿ. ತಂದೆ ತೀರಿಹೋಗಿದ್ದಾರೆ, ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ, ಅಕ್ಕನ ಸಹಿ ಬೇಕು. ಕಾನೂನಿನ ವರ್ಷಗಳನ್ನು ಮೊದಲು ಸರಿಮಾಡಿಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೆ ಸಿಗುತ್ತಿದ್ದುದು ತಂದೆಯ ಪಾಲಿನಲ್ಲಿ ಒಂದು ಪಾಲು ಮಾತ್ರ. ಪಿತ್ರಾರ್ಜಿತದಲ್ಲಿ ಗಂಡುಮಗನಂತೆ ಹುಟ್ಟಿನಿಂದ ಬರುವ ಹಕ್ಕಲ್ಲ. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಆ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಹೀಗಾಗಿ 1985ರ ಕಥೆಯ ನಾಯಕಿ 'ಪಿತ್ರಾರ್ಜಿತದಲ್ಲಿ ನನಗೂ ಸಮಪಾಲಿದೆ' ಎಂದು ಕೋರ್ಟಿನಲ್ಲಿ ಗೆದ್ದು ಬಂದರೆ ವಕೀಲರು ಪುಸ್ತಕ ಮುಚ್ಚಿಡುತ್ತಾರೆ. ಒಂದೇ ಮನೆಯ ಅಕ್ಕ 1992ರಲ್ಲಿ, ತಂಗಿ 1996ರಲ್ಲಿ ಮದುವೆಯಾಗಿದ್ದರೆ, ನಡುವಿನ ಹನ್ನೊಂದು ವರ್ಷ ಇಬ್ಬರ ಹಕ್ಕೂ ಬೇರೆಬೇರೆ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಮಾತಾಡುವುದನ್ನು ಊಹಿಸಿ.

ಕಾಗದದ ದಾರಿಯೂ ಗೊತ್ತಿರಲಿ. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಅರ್ಜಿ ಕೊಡುವುದುಂಟು. ಇನ್ನು ತನ್ನ ಪಾಲು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಹಬ್ಬದ ದಿನ ಮನೆಯಲ್ಲೇ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು 'ಎಲ್ಲ ಮುಗಿಯಿತು' ಎಂದು ಬರೆದರೆ ಅಲ್ಲಿ ಕಥೆ ಸೋರುತ್ತದೆ. ಆಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರಬೇಕು, ಕ್ಯಾಮೆರಾ ಮುಂದೆ ಕೂರಬೇಕು, ಹೆಬ್ಬೆಟ್ಟು ಒತ್ತಬೇಕು.

ಕಾನೂನು ಇಷ್ಟು ಗಟ್ಟಿಯಾಗಿದ್ದೂ ಬಹಳ ಅಕ್ಕಂದಿರು ಸಹಿ ಹಾಕುತ್ತಾರಲ್ಲ, ಯಾಕೆ? ಪೆದ್ದಿಯರೆಂದೇ? ಆಕೆಯ ಲೆಕ್ಕ ಬೇರೆ ಇದೆ. ಗೌರಿ ಹಬ್ಬಕ್ಕೆ ಬರುವ ಬಾಗಿನ, ಮಗಳ ಬಾಣಂತನಕ್ಕೆ ಒಂದು ಮನೆ, ಮಗನ ಮದುವೆಯಲ್ಲಿ ಸೋದರಮಾವನ ಜಾಗ, ಗಂಡ ಕುಡಿದು ಬಂದ ರಾತ್ರಿ ಹೋಗಿ ಬಾಗಿಲು ತಟ್ಟಬಹುದಾದ ಒಂದೇ ಮನೆ. ಅರ್ಧ ಎಕರೆ ಕೇಳಿದರೆ ಇಷ್ಟೂ ಹೋಗುತ್ತದೆ. ಅಲ್ಲದೆ ಆ ಅರ್ಧ ಎಕರೆ ಬಂದರೂ ಉಳುವವನು ಗಂಡನೇ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಈ ತಕ್ಕಡಿ ಓದುಗರಿಗೆ ಕಂಡರೆ, ಆಕೆ ಸಹಿ ಹಾಕಿದರೂ ನಂಬುತ್ತಾರೆ, ಹಾಕದಿದ್ದರೂ ನಂಬುತ್ತಾರೆ.

ಮಾತಿನಲ್ಲಿ ಇದು ಹೇಗೆ ಬರುತ್ತದೆ ನೋಡಿ. ಕೆಟ್ಟ ಆವೃತ್ತಿ: 'ಪುರುಷಪ್ರಧಾನ ವ್ಯವಸ್ಥೆಯ ಈ ಕಾಗದಕ್ಕೆ ನಾನು ಸಹಿ ಹಾಕಲಾರೆ, ತಮ್ಮಾ!' ನಾಗಮಂಗಲದ ಸಂತೆಯಲ್ಲಿ ಹೀಗೆ ಮಾತಾಡುವವರನ್ನು ಹುಡುಕಿ ತಂದರೆ ಬಹುಮಾನ ಕೊಡಬಹುದು. ಇನ್ನೊಂದು:

'ನಾಳೀಕೆ ರಿಜಿಸ್ಟ್ರಾಪೀಸ್ಗೆ ಒಂದ್ ಗಳಿಗೆ ಬಂದೋಗಕ್ಕ. ಒಂದ್ ಸೈನು, ಅಷ್ಟೆಯ.'

'ನನ್ ಕನ್ನಡ್ಕ ಮೊಗ ಒಡ್ದಾಕ್ಬುಟ್ಟದೆ ಕನಪ್ಪ. ಕಾಗ್ದ ಇಲ್ಲೇ ಮಡಗೋಗು, ಓದಿಸ್ಕಂಡು ಹೇಳ್ತೀನಿ.'

ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕಾಗದ ಮಾತ್ರ ಆಕೆಯ ಮನೆಯಲ್ಲಿ ಉಳಿಯಿತು. ಅಧಿಕಾರವಿಲ್ಲದವರು ಬಳಸುವ ಉಪಾಯಗಳು ಇಂಥವು: ತಡಮಾಡುವುದು, ಕೇಳಿಸದಂತಿರುವುದು, ದೇವರ ಮೇಲೆ ಹಾಕುವುದು. ಇವನ್ನು ದೌರ್ಬಲ್ಯವೆಂದು ಬರೆಯಬೇಡಿ.

ಅತ್ತೆಯ ಪಾತ್ರಕ್ಕೂ ಇದೇ ಲೆಕ್ಕ. ಟರ್ಕಿಯ ವಿದ್ವಾಂಸೆ ಡೆನಿಜ್ ಕಾಂಡಿಯೋಟಿ 1988ರಲ್ಲಿ ಇದನ್ನು ಪಿತೃಪ್ರಾಧಾನ್ಯದ ಜೊತೆ ಹೆಂಗಸರು ನಡೆಸುವ ಚೌಕಾಸಿ ಎಂದು ವಿವರಿಸಿದರು. ಸೊಸೆಯಾಗಿದ್ದಾಗ ಸಹಿಸಿದ್ದಕ್ಕೆ ಪ್ರತಿಫಲ ಸಿಗುವುದು ಅತ್ತೆಯಾದಾಗ, ಅದೂ ಮಗನ ಮೂಲಕ. ಮಗ ಬೇರೆ ಮನೆ ಮಾಡುತ್ತೇನೆ ಎಂದರೆ ಮೂವತ್ತು ವರ್ಷ ಕೂಡಿಟ್ಟದ್ದು ಹೋದಂತೆ. ಅಂಥ ಭಯವಿಲ್ಲದ ಅತ್ತೆ ಬರೀ ಧಾರಾವಾಹಿಯ ಅತ್ತೆ.

ಜಾತಿಯನ್ನು ಬಿಟ್ಟು ಹೆಣ್ಣನ್ನು ಬರೆಯಲಾಗುವುದಿಲ್ಲ. ಅಗ್ರಹಾರದ ವಿಧವೆಗೆ ಮರುಮದುವೆ ಇರಲಿಲ್ಲ ಎಂಬುದನ್ನೇ ಎಲ್ಲರ ಚರಿತ್ರೆ ಮಾಡಿಬಿಟ್ಟಿದ್ದೇವೆ. ಎಷ್ಟೋ ಸಮುದಾಯಗಳಲ್ಲಿ ವಿಧವೆ ಮತ್ತೆ ಸಂಸಾರ ಹೂಡುವ ಕೂಡಿಕೆ ಮದುವೆ ರೂಢಿಯಲ್ಲಿತ್ತು. ನಾಟಿ ಹಾಕಿ ಕೂಲಿ ತರುವ ಹೆಂಗಸಿಗೆ 'ಹೊಸಿಲು ದಾಟುವುದು' ಬಂಡಾಯವಲ್ಲ, ದಿನದ ಕೆಲಸ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಬಲೆ ಇದೆ. 'ರಾಯರು ಒಳಗೆ ಬಂದರು. ಹೆಂಡತಿ ಕಾಫಿ ತಂದಳು.' ಇಲ್ಲಿ ರಾಯರಿಗೆ ಬಹುವಚನ ಕೊಟ್ಟದ್ದು ಪಾತ್ರವಲ್ಲ, ನಿರೂಪಕ. ಹಸ್ತಪ್ರತಿಯ ಹತ್ತು ಪುಟ ತೆಗೆದು ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ: ಯಾರು 'ಅರು', ಯಾರು 'ಅಳು'? ಒಂದೇ ವಯಸ್ಸಿನ ಇಬ್ಬರ ನಡುವೆ ವ್ಯತ್ಯಾಸವಿದ್ದರೆ ಅದು ಬೇಕೆಂದೇ ಮಾಡಿದ್ದೋ ಎಂದು ಕೇಳಿಕೊಳ್ಳಿ. ಅದೇ ಪುಟಗಳಲ್ಲಿ ಮೈ ಬಣ್ಣ, ಸೊಂಟ, ಜಡೆಯ ವಿಶೇಷಣಗಳನ್ನು ಎಣಿಸಿ, ಗಂಡು ಪಾತ್ರಗಳದನ್ನೂ ಎಣಿಸಿ. ಹೆಚ್ಚಿಗೆ ಹೇಳಬೇಕಿಲ್ಲ.

ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಅಲಿಸನ್ ಬೆಕ್ಡೆಲ್ 1985ರ ಚಿತ್ರಪಟ್ಟಿಯೊಂದರಲ್ಲಿ ಇಟ್ಟ ಪರೀಕ್ಷೆ ಹೆಸರಾಂತದ್ದು: ಇಬ್ಬರು ಹೆಂಗಸರಿರಬೇಕು, ಪರಸ್ಪರ ಮಾತಾಡಬೇಕು, ಗಂಡಸಿನ ವಿಷಯ ಬಿಟ್ಟು ಬೇರೆ ಏನನ್ನಾದರೂ. ಉಪಯೋಗಕ್ಕಿದೆ, ಆದರೆ ಬಹಳ ಸುಲಭ. ಇಬ್ಬರು ವಾರಗಿತ್ತಿಯರು ಬದನೆಕಾಯಿ ರೇಟು ಮಾತಾಡಿದರೂ ಪಾಸು. ಆ ಮಾತಿನಿಂದ ಮುಂದೆ ಕಥೆಯಲ್ಲಿ ಏನಾದರೂ ಬದಲಾಯಿತೇ ಎಂಬುದನ್ನು ನಾಲ್ಕನೇ ಷರತ್ತಾಗಿ ಸೇರಿಸಿಕೊಳ್ಳಿ.

ಕೊನೆಗೆ ಆ ಸೂಟ್‌ಕೇಸ್. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ, ಮನೆ ಆಕೆಯ ಹೆಸರಲ್ಲಿಲ್ಲದಿದ್ದರೂ ಗಂಡನೊಡನೆ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕು ಆಕೆಗಿದೆ. ಈ ಕಾಯ್ದೆಯಡಿ ಆಕೆಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿ ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಸಿಗುತ್ತದೆ. ಹೊರಡದೆ, ಹೊಡೆಯುವವನ ಎದುರಿಗೇ ಕೋರ್ಟಿನ ಆದೇಶ ಹಿಡಿದು ಅದೇ ಮನೆಯಲ್ಲಿ ಒಲೆ ಹಚ್ಚುವ ಹೆಂಗಸನ್ನು ನಮ್ಮ ಕಥೆಗಳು ಇನ್ನೂ ಸರಿಯಾಗಿ ಬರೆದಿಲ್ಲ. ಅಡುಗೆ ಒಂದೇ ಪಾತ್ರೆಯಲ್ಲೋ ಬೇರೆಬೇರೆಯೋ, ರಾತ್ರಿ ಯಾವ ಕೋಣೆಗೆ ಚಿಲಕ, ಮಗು ಯಾರ ಪಕ್ಕ ಮಲಗುತ್ತದೆ?

ಊಟದ ನಂತರದ ಬೈಠಕ್ಕಿಗೆ ನಿಮ್ಮ ಕಥೆಯ ಎರಡು ಪುಟ, 48 ಮನೆಯ ಹಾಳೆ, ಎರಡನ್ನೂ ತನ್ನಿ. ಹಾಳೆ ಪೆನ್ಸಿಲ್‌ನಲ್ಲಿರಲಿ, ಅಳಿಸಬೇಕಾಗುತ್ತದೆ.